ಸುದ್ದಿಗೆ ಎಷ್ಟು ಪಾಯಿಂಟು?

ಕೊಪ್ಪಳದಲ್ಲಿ, ಕಿಟಕಿ ತೆಗೆದರೆ ಕೋಟೆಯ ಗುಡ್ಡ ಕಾಣುವ ಒಂದು ಮನೆ. ರಾತ್ರಿ ಬಸ್ಸಿಗೆ ಬೆಂಗಳೂರಿನಿಂದ ಬಂದಿಳಿದ ಅಳಿಯ, ಚಹಾ ಕುಡಿದವನೇ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿ, ಹೆಬ್ಬೆರಳಿನ ಅರ್ಧದಷ್ಟಿರುವ ಸೈನಿಕರನ್ನು ಪಡಸಾಲೆಯ ಜಮಖಾನದ ಮೇಲೆ ಸಾಲಾಗಿ ನಿಲ್ಲಿಸತೊಡಗಿದ. ಮಾವ ಇತಿಹಾಸದ ಮೇಷ್ಟರಾಗಿ ನಿವೃತ್ತರಾದವರು. ಕನ್ನಡಕ ಒರೆಸಿಕೊಂಡು ಒಬ್ಬನನ್ನು ಕೈಗೆತ್ತಿಕೊಂಡರು. ನಾನು ಪೇಪರ್ ಓದುವ ನೆಪದಲ್ಲಿ ಕಂಬಕ್ಕೆ ಒರಗಿ ಕೂತಿದ್ದೆ. ಅವರಾಡಿದ ಮಾತನ್ನು ಅವರಾಡಿದಂತೆಯೇ ಬರೆದಿದ್ದೇನೆ. ನಡುವೆ ಬಾಯಿ ಹಾಕಿದ್ದು ನನ್ನ ಚಟ.

ಮಾವ: ಇವಗ ಕಣ್ಣಗುಡ್ಡಿ ಹೆಂಗ ಇಟ್ಟಿಪಾ? ಕಣ್ಣ ನನಗ ಕಾಣವಲ್ದು.

ಅಳಿಯ: ನಾಕೈದು ಕೂದಲಿನ ಬ್ರಷ್ ಸಿಗತೈತಿ ಮಾಮಾ. ಉಸಿರು ಬಿಗಿ ಹಿಡದು ಒಂದ ಸಲ ಮುಟ್ಟಸಬೇಕು. ಎರಡನೇ ಸಲ ಮುಟ್ಟಿಸಿದ್ರ ಮೆಳ್ಳಗಣ್ಣ ಆಗ್ತಾನ.

ಮಾವ: ಕಿನ್ನಾಳದಾಗ ಹುಟ್ಟಿದ್ರ ಇದರಾಗ ಕೂಳು ಹುಟ್ಟತಿತ್ತು ನಿನಗ. ತಡಿ.

ಗೂಡಿನಿಂದ ಒಂದು ಕಿನ್ನಾಳದ ಆನೆ ಇಳಿಯಿತು. ಹಗುರ ಕಟ್ಟಿಗೆ, ಮರದ ಹೊಟ್ಟು, ಹುಣಸೆಬೀಜ ಅರೆದ ಅಂಟು, ಮೇಲೆ ಕೆಂಪು ಹಳದಿ ಬಣ್ಣ. ಒಂದು ಕಿವಿಯ ಬಣ್ಣ ಹಾರಿದೆ. ಸೈನಿಕರ ಪಕ್ಕ ಇಟ್ಟಾಗ ಗುಡ್ಡವೇ ಎದ್ದು ಬಂದಂತಾಯಿತು.

ಮಾವ: ಇದನ್ನೂ ದಂಡಿಗೆ ಸೇರಿಸ್ಕೋ. ಎಷ್ಟಕ್ಕ ತಗೋತಿ?

ಅಳಿಯ: ನೂರಾ ಎಂಬತ್ತು.

ಮಾವ: ರೂಪಾಯಿ? ಚಿತ್ರಗಾರ ಕೇಳಿದ್ರ ಬಡೀತಾನ.

ಅಳಿಯ: ಪಾಯಿಂಟು ಮಾಮಾ. ಪ್ರತಿ ಗೊಂಬಿಗೂ ಒಂದು ಬೆಲಿ ಕಟ್ಟಿರ್ತಾರ. ಬಿಲ್ಲಿನವಗ ಎಂಟು, ಕುದುರಿ ಸವಾರಗ ಇಪ್ಪತ್ತು ಅಂತ ಇಟ್ಕೋರಿ. ಇಬ್ಬರೂ ಮೊದಲ ಮಾತಾಡ್ಕೊಂಡು ಎರಡು ಸಾವಿರಕ್ಕ ಆಡೋಣು ಅಂತಾರ. ಅಷ್ಟರೊಳಗ ದಂಡು ಕಟ್ಕೋಬೇಕು. ಬರೇ ಆನಿ ತರ್ತೀರೋ, ಕಾಲಾಳು ತುಂಬ್ತೀರೋ, ನಿಮ್ಮಿಷ್ಟ. ಮುಂದ ಟೇಪ್ ಹಿಡದು ಇಂಚಿನ ಲೆಕ್ಕದಾಗ ನಡಸೋದು, ದಾಳ ಉರುಳಸೋದು.

ಮಾವ: ಅಂದ್ರ ಸಂತಿಗೆ ಹೋದಂಗ. ಇಬ್ಬರ ಕಿಸೆದಾಗೂ ಅಷ್ಟಷ್ಟ ರೊಕ್ಕ.

ಅಳಿಯ: ಅಷ್ಟ. ಅದಿಲ್ಲಂದ್ರ ಜಗಳ. ನಾವು ಭಾನುವಾರ ಬೆಂಗಳೂರಿನ ಹಾಲ್‌ನಾಗ ಆಡಾಕ ಕುಂದರ್ತೀವಲ್ಲ, ಎದುರಿಗಿದ್ದವ ಯಾರಂತ ಎಷ್ಟೋ ಸಲ ಗೊತ್ತಿರಂಗಿಲ್ಲ. ಒಬ್ಬ ಚೀಲ ಬಿಚ್ಚಿದ್ರ ಹತ್ತು ಆನಿ ಹೊರಗ ಬರ್ತಾವ, ಇನ್ನೊಬ್ಬನ ಹತ್ರ ನಾಕು ಕಾಲಾಳು. ಯಾರು ಯಾರಿಗೆ ಏನ ಹೇಳೋದು? ನಂಬರ್ ಇದ್ರ ಮಾತಿಲ್ಲ.

ಮಾವ: ಹಂಗಾರ ಟಗರಿನ ಹಲ್ಲು ನೋಡಿದಂಗ ಆತು. ಈಗ ಕಾನೂನು ಏನಂತೈತಿ ಅನ್ನೋದು ಬ್ಯಾರೆ. ಆದ್ರ ಕುಷ್ಟಗಿ ಕಡೆ, ಯಲಬುರ್ಗಿ ಕಡೆ ಟಗರಿನ ಕಾಳಗದಾಗ ಮೊದಲ ತುಟಿ ಎತ್ತಿ ಹಲ್ಲು ನೋಡ್ತಿದ್ರು. ಹಾಲಹಲ್ಲಿನದು ಹಾಲಹಲ್ಲಿನದಕ್ಕ, ಎರಡು ಹಲ್ಲಿಂದು ಎರಡು ಹಲ್ಲಿಂದಕ್ಕ, ಎಂಟು ಹಲ್ಲಿಂದು ಎಂಟಕ್ಕ. ಯಾರ ಟಗರು, ಯಾವ ಊರಿಂದು, ಎಷ್ಟ ಹುರಳಿ ತಿನಿಸ್ಯಾರ, ಯಾವುದೂ ಕೇಳಂಗಿಲ್ಲ. ಬಾಯಿ ತಗದ್ರ ಲೆಕ್ಕ ಅಲ್ಲೇ ಐತಿ.

ಅಳಿಯ: ನೋಡ್ರಿ, ನೀವ ಒಪ್ಪಿದ್ರಿ.

ಮಾವ: ಟಗರಿಗೆ ಒಪ್ಪೇನಿ. ಕುಸ್ತಿಗೆ ಒಪ್ಪಂಗಿಲ್ಲ. ಜಾತ್ರಿ ಕುಸ್ತ್ಯಾಗ ತಕ್ಕಡಿ ಎಲ್ಲಿತ್ತು? ಹಿರಿಯಾರು ಕುಂತು ಜೋಡಿ ಹಚ್ಚತಿದ್ರು. ಇಬ್ಬರನ್ನೂ ಭುಜಕ್ಕ ಭುಜ ತಾಗಿಸಿ ನಿಲ್ಲಿಸಿ, ಕುತಗಿ ಹಿಚುಕಿ, ಮಣಿಕಟ್ಟು ಹಿಡದು ನೋಡಿ, ಹೂಂ ನಡೀರಿ ಅನ್ನವ್ರು. ಆಮ್ಯಾಲ ಹಲಗಿ. ತೂಕ ಕಮ್ಮಿ ಇದ್ದವಗ ಪಟ್ಟು ಜಾಸ್ತಿ ಬರ್ತೈತಿ ಅನ್ನೋದು ಅವರ ಕಣ್ಣಿಗೆ ಕಾಣತಿತ್ತು. ನಿನ್ನ ಪಾಯಿಂಟಿಗೆ ಕಾಣತೈತೇನು?

ಅಳಿಯ: ಪ್ರಷ್ಯಾದವರೂ ಇದನ್ನ ಮಾಡಿದ್ರು ಮಾಮಾ. ಈ ಆಟದ ಅಜ್ಜ ಅಂದ್ರ ಅವರ ದಂಡಿನ ಅಧಿಕಾರಿಗಳ ಕ್ರೀಗ್ಸ್‌ಶ್ಪೀಲ್, 1824ರದ್ದು. ಅದರಾಗ ನಡುವ ಒಬ್ಬ ಪಂಚ ಕುಂದರತಿದ್ದ. ಐವತ್ತು ವರ್ಷ ಕಳದ ಮ್ಯಾಲ, 1876ರಾಗ, ವೆರ್ಡಿ ದು ವೆರ್ನ್ವಾ ಅನ್ನವ, ಈ ದಾಳ ಈ ಕೋಷ್ಟಕ ಎಲ್ಲಾ ಬ್ಯಾಡ, ಅನುಭವ ಇದ್ದ ಪಂಚ ಹೇಳಿದ್ದ ಖರೆ ಅಂದ.

ಮಾವ: ಶಾಣ್ಯಾ.

ಅಳಿಯ: ಪಂಚ ಶಾಣ್ಯಾ ಇದ್ದಾಗ. ಪಂಚಗ ಒಬ್ಬ ತಮ್ಮ ಇದ್ರ? ತಮ್ಮನ ಮಗ ಕಣದಾಗ ಇದ್ರ?

ಮಾವ ಉತ್ತರ ಕೊಡಲಿಲ್ಲ. ಆನೆಯ ಬಣ್ಣ ಹೋದ ಕಿವಿಯನ್ನು ಉಗುರಿನಿಂದ ತಡವಿದರು. ಆಮೇಲೆ ಎಡಗೈ ಮೇಲೆತ್ತಿ ತೋರಿಸಿದರು. ಅದು ಕಿವಿಯ ಮಟ್ಟಕ್ಕೆ ಬಂದು ನಿಂತಿತು.

ಮಾವ: ಇದಕ್ಕಿಂತ ಮ್ಯಾಲ ಹೋಗಂಗಿಲ್ಲ. ಹತ್ತೊಂಬತ್ತು ವರ್ಷದವ ಇದ್ದೆ. ಯಾವ ಊರು ಅಂತ ಕೇಳಬ್ಯಾಡ, ಅವರ ಮೊಮ್ಮಕ್ಕಳು ಇವತ್ತಿಗೂ ನಮಸ್ಕಾರ ಮಾಡ್ತಾರ. ಜೋಡಿ ಹಚ್ಚಿದಾತ ಎದುರಿನವನ ಸ್ವಾದರಮಾವ ಅಂತ ನನಗ ಆಮ್ಯಾಲ ಗೊತ್ತಾತು. ಬೆಳ್ಳಿ ಕಡ ಅವರ ಮನಿಗೆ ಹೋತು, ನಾ ಎಲವು ಕಟ್ಟವರ ಮನಿಗೆ ಹೋದೆ.

ಅಳಿಯ: ಮತ್ತ ಇಷ್ಟೊತ್ತು ಪಂಚರ ಪರವಾಗಿ ಮಾತಾಡಿದ್ರಿ?

ಮಾವ: ಅದಕ್ಕ ಪಾಯಿಂಟು ಬ್ಯಾಡ ಅಂತ ಪೂರಾ ಅನ್ನಂಗಿಲ್ಲ ನಾ. ಅಪರಿಚಿತರ ನಡುವ ಬೇಕು. ಆದ್ರ ಅದು ತೂಕ ಅಂತ ತಿಳೀಬ್ಯಾಡ. ಧಾರಣಿ ಅದು. ಗಂಗಾವತಿ ಅಕ್ಕಿ ಇವತ್ತೊಂದು ರೇಟು, ನಾಳೆ ಒಂದು ರೇಟು. ಅಕ್ಕಿಯೇನು ರಾತ್ರೋರಾತ್ರಿ ಬದಲಾಗಂಗಿಲ್ಲ.

ಅಳಿಯ: ಖರೆ. ಗೊಂಬಿ ಮಾಡೋ ಕಂಪನ್ಯಾವರು ಪಾಯಿಂಟು ತಿದ್ದತಾನ ಇರ್ತಾರ. ಹೋದ ವರ್ಷ ಎಲ್ಲಾರೂ ಕೊಂಡ ಗೊಂಬಿ ಈ ವರ್ಷ ತುಟ್ಟಿ ಆಗ್ತೈತಿ, ಕಪಾಟಿನ್ಯಾಗ ಕುಂದರತೈತಿ. ಒಂದು ಸಲ ಪಾಯಿಂಟನ್ನ ಪೂರಾ ಕಿತ್ತ ಒಗದು ನೋಡಿದ್ರು. ಇಂಗ್ಲೆಂಡಿನ ವಾರ್‌ಹ್ಯಾಮರ್ 1983ರಿಂದ ಇರೋ ಆಟ. 2015ರಾಗ ಅದರ ಜಾಗಕ್ಕ ಏಜ್ ಆಫ್ ಸಿಗ್ಮಾರ್ ಅಂತ ಬಿಟ್ರು. ಪಾಯಿಂಟ ಇಲ್ಲ, ಯಾರು ಏನ ಬೇಕಾದ್ರೂ ತರಬಹುದು. ಮಂದಿ ಬೊಬ್ಬಿ ಹೊಡದ್ರು. ಮರುವರ್ಷ, 2016ರಾಗ, ಒಂದು ಪುಸ್ತಕದಾಗ ಪಾಯಿಂಟು ಮತ್ತ ಬಂತು.

ಮಾವ: ಆ ಒಂದು ವರ್ಷ ಹೆಂಗ ಆಡಿದ್ರು?

ಅಳಿಯ: ಅಲ್ಲೇ ಒಂದು ಮಜಾ ಇತ್ತು. ಎದುರಿನವನ ಗೊಂಬಿ ನಿಮ್ಮವಕ್ಕಿಂತ ಮೂರರಾಗ ಒಂದು ಪಾಲು ಜಾಸ್ತಿ ಇದ್ವು ಅಂದ್ರ, ನೀವು ಗೆಲುವಿನ ಒಂದು ಸಣ್ಣ ದಾರಿ ಆರಿಸ್ಕೋಬಹುದಿತ್ತು. ಅವನ ಸರದಾರನ್ನ ಕೊಂದ್ರ ಸಾಕು, ಇಲ್ಲಾ ಇಷ್ಟ ಸುತ್ತು ಬದುಕಿ ಉಳಿದ್ರ ಸಾಕು, ಹಂಗ. ಅದನ್ನ ಯಾರೂ ಹೊಗಳಲಿಲ್ಲ.

ಮಾವ: ಹುಚ್ಚರು! ಇದು ಹುಲಿ-ಕುರಿ ಆಟಪಾ.

ಮಾವ ಎದ್ದು ಅಡುಗೆಮನೆಯಿಂದ ಒಂದು ಹಿಡಿ ಹುಣಸೆಬೀಜ ತಂದರು. ಜಮಖಾನ ಸರಿಸಿ, ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಗೋಪುರದಂಥ ಮುಕ್ಕೋನ ಎಳೆದು, ಅದಕ್ಕೆ ಅಡ್ಡಗೆರೆಗಳನ್ನು ಹಾಕಿದರು. ಗೆರೆ ಕೂಡುವಲ್ಲೆಲ್ಲ ಒಂದೊಂದು ಮನೆ, ಎಣಿಸಿದೆ, ಇಪ್ಪತ್ತಮೂರು. ಹಂಪಿಯ ಗುಡಿಗಳ ಹಾಸುಗಲ್ಲುಗಳ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಕಾವಲಿನವನೋ, ಕಲ್ಲು ಕಡಿಯುವವನೋ, ಪೂಜೆ ಮುಗಿಯಲೆಂದು ಕಾದವನೋ, ಯಾರೋ ಕೊರೆದು ಕೂತಿದ್ದಾರೆ.

ಮಾವ: ಮೂರು ಹಳ್ಳು, ಮೂರು ಹುಲಿ. ಹದಿನೈದು ಬೀಜ, ಹದಿನೈದು ಕುರಿ. ಊರೂರಿಗೆ ಲೆಕ್ಕ ಬ್ಯಾರೆ ಇರ್ತೈತಿ, ಇದು ನಮ್ಮನಿ ಲೆಕ್ಕ. ಹುಲಿ ಜಿಗದು ಕುರಿ ತಿಂತೈತಿ. ಕುರಿ ಏನೂ ತಿನ್ನಂಗಿಲ್ಲ. ಈಗ ಹೇಳು, ಒಂದು ಕುರಿಗೆ ಎಷ್ಟ ಪಾಯಿಂಟು?

ಅಳಿಯ: ಒಂದು ಹುಲಿಗೆ ಐದು ಕುರಿ ಅಂತ...

ಮಾವ: ಎಣಿಕಿ ಆತು. ಬೆಲಿ ಕೇಳಾಕತ್ತೀನಿ ನಾ. ಒಂಟಿ ಕುರಿಗೆ ಏನೂ ಬೆಲಿ ಇಲ್ಲ, ಹುಲಿ ಬಾಯಾಗಿನ ತುತ್ತು. ಹಿಂದ ಇನ್ನೊಂದು ಕುರಿ ನಿಂತರ ಹುಲಿಗೆ ಜಿಗಿಯಾಕ ಜಾಗ ಇಲ್ಲ, ಈಗ ಅದು ಗ್ವಾಡಿ. ಅದ ಬೀಜ! ಅಲ್ಲಿದ್ರ ಬಂಗಾರ, ಇಲ್ಲಿದ್ರ ಮಣ್ಣು. ಮತ್ತ ಇಬ್ಬರೂ ಒಂದ ಕೆಲಸಕ್ಕ ಕುಂತಿಲ್ಲ. ಹುಲಿಗೆ ತಿನ್ನೋ ಕೆಲಸ, ಕುರಿಗೆ ಕಟ್ಟೋ ಕೆಲಸ. ಸಮ ಇರೋದು ಎಲ್ಲಿ ಅಂದ್ರ, ಆ ಎರಡು ಕೆಲಸ ಎಷ್ಟ ಕಷ್ಟ ಅನ್ನೋದರಾಗ.

ಅಳಿಯ: ನೇಪಾಳದಾಗ ಇಂಥಾದ ಒಂದು ಐತಿ ಮಾಮಾ, ಬಾಘ್‌ಚಾಲ್. ನಾಕು ಹುಲಿ, ಇಪ್ಪತ್ತು ಮೇಕಿ. ಕಂಪ್ಯೂಟರಿಗೆ ಹಚ್ಚಿ ಲೆಕ್ಕ ತಗದಾರ. ಇಬ್ಬರೂ ಒಂದೂ ತಪ್ಪು ಮಾಡದ ಆಡಿದ್ರ ಆಟ ಸಮಾ ಆಗ್ತೈತಿ.

ಮಾವ: ಯಾವ ಕಂಪನಿ ಪಾಯಿಂಟು ಹಚ್ಚಿತ್ತು?

ಅಳಿಯ: ಯಾವ ಕಂಪನೀನೂ ಇಲ್ಲ. ಆದ್ರ ನೂರಾರು ವರ್ಷ ಆಡಿ ಆಡಿ ತಿದ್ದ್ಯಾರಲ್ಲ. ಹದಿನಾಕು ಕುರಿ ಇಟ್ಟು ಸೋತು, ಹದಿನಾರು ಇಟ್ಟು ಬ್ಯಾಸರಾಗಿ, ಹದಿನೈದಕ್ಕ ನಿಂತಿರಬೇಕು. ನಮ್ಮ ಆಟಕ್ಕ ಅಷ್ಟ ಪುರಸೊತ್ತಿಲ್ಲ. ನೂರಾರು ನಮೂನಿ ಗೊಂಬಿ, ವರ್ಷಾ ಹೊಸಾವು. ಅಷ್ಟರಾಗ ಅಂದಾಜಿಗೆ ಒಂದು ನಂಬರ್ ಬೇಕ ಬೇಕು. ಚದುರಂಗದಾಗೂ ಇಲ್ಲೇನು? ಮಂತ್ರಿಗೆ ಒಂಬತ್ತು, ಆನಿಗೆ ಐದು, ಕುದುರಿ ಒಂಟಿಗೆ ಮೂರ್ಮೂರು, ಕಾಲಾಳಿಗೆ ಒಂದು.

ಮಾವ: ರಾಜಾಗ?

ಅಳಿಯ: ರಾಜಾಗ ಬೆಲಿ ಇಲ್ಲ.

ಮಾವ: ಆಟ ಇರೋದ ಅವನ ಸಲುವಾಗಿ, ಬೆಲಿ ಮಾತ್ರ ಇಲ್ಲ.

ಇಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. ಲೆಕ್ಕ ಹಾಕುವ ಚಟ ನಮ್ಮವರಿಗೇನೂ ಕಮ್ಮಿ ಇರಲಿಲ್ಲ ಎಂದೆ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದರೆ ಒಂದು ಪತ್ತಿ. ಅದು ಬೆಳೆಯುತ್ತ ಬೆಳೆಯುತ್ತ ಅಕ್ಷೌಹಿಣಿಯಾದಾಗ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಕೌರವರಿಗೆ ಹನ್ನೊಂದು ಅಕ್ಷೌಹಿಣಿ, ಪಾಂಡವರಿಗೆ ಏಳು.

ಅಳಿಯ: ಅಂದ್ರ ಪಾಯಿಂಟು ಹನ್ನೊಂದಕ್ಕ ಏಳು. ನಮ್ಮ ಹಾಲ್‌ನಾಗ ಆಗಿದ್ರ ಕುರುಕ್ಷೇತ್ರ ನಡೀತಿದ್ದಿಲ್ಲ.

ಮಾವ: ತಡಿ, ತಡಿ. ಚಲೋ ನೆನಪು ಮಾಡಿದ್ರಿ. ಅದಕ್ಕ ಮೊದಲ ಒಂದು ಪಾಲು ಆಗೇತಿ ನೋಡು. ದುರ್ಯೋಧನ, ಅರ್ಜುನ ಇಬ್ಬರೂ ದ್ವಾರಕಿಗೆ ಹೋಗ್ತಾರ. ಕೃಷ್ಣ ಎರಡು ಪಾಲು ಮಾಡ್ತಾನ. ಒಂದು ಕಡೆ ನಾರಾಯಣ ಸೇನಾ ಪೂರಾ, ಇನ್ನೊಂದು ಕಡೆ ಆಯುಧ ಹಿಡಿಯದ ತಾನೊಬ್ಬ. ಸಣ್ಣಾವಾ ಮೊದಲ ಆರಸ್ಲಿ ಅಂತಾನ. ಅರ್ಜುನ ಕೃಷ್ಣನ್ನ ಆರಸ್ತಾನ. ದುರ್ಯೋಧನ ಒಳಗೊಳಗ ಖುಷಿ ಆಗಿ ದಂಡು ಹೊಡಕೊಂಡು ಹೋಗ್ತಾನ. ಕೃಷ್ಣಗ ಎಷ್ಟ ಪಾಯಿಂಟು ಅಂತ ಇಬ್ಬರೂ ಕೇಳಲಿಲ್ಲ. ಯಾರೂ ಮೋಸ ಆತು ಅನ್ನಲೂ ಇಲ್ಲ.

ಅಳಿಯ: ಯಾಕಂದ್ರ ಇಬ್ಬರಿಗೂ ಬೇಕಾದ್ದು ಸಿಕ್ತು.

ಮಾವ: ನಮ್ಮ ಹೊಲ ಪಾಲು ಆದಾಗೂ ಹಿಂಗ ಮಾಡಿದ್ವಿ. ನಿಮ್ಮ ಅಜ್ಜ ಪಂಚರನ್ನ ಕರೀಲಿಲ್ಲ. ದೊಡ್ಡಾವಾ ಪಾಲು ಮಾಡು, ಸಣ್ಣಾವಾ ಮೊದಲ ಆರಸು ಅಂದ. ದೊಡ್ಡಾವಾ ಮೂರು ದಿನ ಹೊಲದ ತುಂಬ ಅಡ್ಡಾಡಿದ. ಎರಿ ಹೊಲ ಕಮ್ಮಿ, ಮಸಾರಿ ಜಾಸ್ತಿ ಒಂದು ಕಡೆ. ಎರಿ ಜಾಸ್ತಿ, ಆದ್ರ ಬಾವಿ ಇಲ್ಲ ಇನ್ನೊಂದು ಕಡೆ. ಎಷ್ಟ ತೂಗಿ ನೋಡಿದ ಅಂದ್ರ, ಯಾವ ಪಾಲು ಬಂದ್ರೂ ತನಗ ಸಂಕಟ ಆಗಬಾರದು ಅಲ್ಲ! ನನ್ನ ಕೈ ಮುರಿಸಿದಾತಗ ಇದೊಂದು ಕಟ್ಟಳೆ ಇದ್ದಿದ್ರ, ಹಚ್ಚಿದ ಜೋಡ್ಯಾಗ ನಿನ್ನ ಹುಡುಗ ಯಾವ ಕಡೆ ಅನ್ನೋದನ್ನ ನಾವು ಹೇಳ್ತೀವಿ ಅಂದಿದ್ರ, ಅವ ಹಂಗ ಹಚ್ಚತಿದ್ದಿಲ್ಲ.

ಅಳಿಯ: ಒಂದು ಆಟಕ್ಕ ಇದು ನಡೀತೈತಿ. ನಾವು ಮಾಡಬೇಕಂತಿರೋದು ದಂಡಯಾತ್ರಿ. ಆರು ತಿಂಗಳು ಆಟ, ವಾರಕ್ಕೊಂದು ಕಾಳಗ. ಮೊದಲನೇದ್ರಾಗ ಸೋತವ ಎರಡನೇದಕ್ಕ ಕಮ್ಮಿ ದಂಡು ತರ್ತಾನ, ಮತ್ತ ಸೋಲ್ತಾನ. ಮೂರನೇ ವಾರ ಫೋನ್ ಎತ್ತಂಗಿಲ್ಲ. ಅದಕ್ಕ ಸೋತವಗ ಇಷ್ಟ ಪಾಯಿಂಟು ಹೆಚ್ಚಿಗಿ ಅಂತ ಕೊಡ್ತೀವಿ.

ಮಾವ: ಧರ್ಮಕ್ಕ?

ಅಳಿಯ: ಧರ್ಮಕ್ಕ.

ಮಾವ: ಕೊಡಬ್ಯಾಡ್ರಿ. ಗೆದ್ದವಗ ಹೊಟ್ಟಿ ಹಚ್ಚರಿ. ಗೆದ್ದ ದಂಡು ಮನಿಯಿಂದ ದೂರ ಹೋಗಿರ್ತೈತಿ. ಅದಕ್ಕ ಕಾಳು ಬೇಕು, ಎತ್ತು ಬೇಕು, ಹಿಂದಿನ ಕೋಟಿ ಕಾಯಾಕ ಮಂದಿ ಬಿಡಬೇಕು. ಯಲಬುರ್ಗಿ ಅಂದ್ರ ಆಗಿನ ಎರಂಬರಗಿ, ಸಿಂದರ ರಾಜಧಾನಿ. ಅಲ್ಲಿಯ ಎರಡನೇ ಆಚುಗಿ, ಆರನೇ ವಿಕ್ರಮಾದಿತ್ಯನ ಪರವಾಗಿ ಹೋಗಿ ಹೊಯ್ಸಳ ವಿಷ್ಣುವರ್ಧನನ್ನ ಹಿಂದಕ್ಕ ಅಟ್ಟಿದ. ಅಲ್ಲಿಗೆ ಆಟ ನಿಲ್ಲಿಸಿದ್ರ ಆಚುಗಿ ಗೆದ್ದ. 1126ಕ್ಕ ವಿಕ್ರಮಾದಿತ್ಯ ತೀರ್ಕೊಂಡ. ಆಮ್ಯಾಲ ಅದ ವಿಷ್ಣುವರ್ಧನ ಬಂಕಾಪುರದ ತನಕ ಬಂದು ಕುಂತ. ಸೋತವಗ ಯಾರು ಪಾಯಿಂಟು ಕೊಟ್ಟಿದ್ರು? ಹೊತ್ತು ಕೊಟ್ಟಿತ್ತು.

ಅಳಿಯ: ನಾ ರಾಯಚೂರಿಂದ ಸುರು ಮಾಡಬೇಕಂತಿದ್ದೆ. 1520.

ಮಾವ: ಬೆಲಿ ಕಟ್ಟು ನೋಡೋಣು. ನ್ಯೂನಿಜ್ ಬರೀತಾನ, ಕೃಷ್ಣದೇವರಾಯನ ದಂಡಿನ್ಯಾಗ ಏಳು ಲಕ್ಷಕ್ಕ ಮಿಕ್ಕಿ ಕಾಲಾಳು, 32,600 ಕುದುರಿ, 551 ಆನಿ. ಅವ ಕುದುರಿ ವ್ಯಾಪಾರಿ, ಲೆಕ್ಕ ಸ್ವಲ್ಪ ಉಬ್ಬಿಸಿರಬಹುದು ಬಿಡು. ಅಷ್ಟ ದೊಡ್ಡ ದಂಡಿನ ಮುಂದಿನ ಸಾಲು ಆದಿಲಶಾಹನ ತೋಪಿಗೆ ಹಿಂದಕ್ಕ ಸರೀತು, ರಾಯ ತಾನ ಮುಂದ ಬರಬೇಕಾತು. ಅದು ಬಯಲಾಗ. ಮುಂದ ಕೋಟಿ ಮುತ್ತಗಿ ಹಾಕಿದಾಗ ಪೋರ್ಚುಗೀಸರ ಫಿಗೆರೆಡೊ ಸುಮಾರು ಇಪ್ಪತ್ತು ಮಂದಿ ಕೋವಿಯವರನ್ನ ಕರಕೊಂಡು ಬಂದ. ಗ್ವಾಡಿ ಮ್ಯಾಲ ತಲಿ ಎತ್ತಿದವರನ್ನ ಅವರು ಹೊಡದ್ರು, ಕೆಳಗ ರಾಯನ ಮಂದಿ ಕಲ್ಲು ಕಿತ್ತರು. ಆ ಇಪ್ಪತ್ತು ಮಂದಿ ಏಳು ಲಕ್ಷದ ಬಯಲಾಗ ಇದ್ರ ಲೆಕ್ಕಕ್ಕ ಬರ್ತಿದ್ರೇನು? ಗ್ವಾಡಿ ಕೆಳಗ ಅವರ ದಂಡು.

ಅಳಿಯ: ಕುರಿ ಹಿಂದಿನ ಕುರಿ.

ಮಾವ: ಅದ. ರಾಯಚೂರು ಯಾಕ ಬೇಕು, ಕಿಟಕಿ ತಗಿ.

ಕೋಟೆ ಗುಡ್ಡದ ಮೇಲೆ ಬಿಸಿಲು ಏರಿತ್ತು. ಬಂಡೆಗಳ ನಡುವೆ ಬಂಡೆಯದೇ ಬಣ್ಣದ ಗೋಡೆ. ಎಲ್ಲಿ ಗುಡ್ಡ ಮುಗಿದು ಕೋಟೆ ಸುರುವಾಗುತ್ತದೆ ಎಂಬುದು ಇಷ್ಟು ದೂರದಿಂದ ತಿಳಿಯುವುದಿಲ್ಲ.

ಮಾವ: 1786ರ ಹೊತ್ತಿಗೆ ಟಿಪ್ಪು ಪಾಳೆಗಾರನ ಕೈಯಿಂದ ತಗೊಂಡು, ಫ್ರೆಂಚ್ ಎಂಜಿನಿಯರುಗಳ ಕಡೆಯಿಂದ ಗಟ್ಟಿ ಮಾಡಿಸಿದ. 1790ರ ಅಕ್ಟೋಬರ್ ಕಡೀಕೆ ನಿಜಾಮನ ದಂಡು, ಇಂಗ್ಲಿಷರ ಕಂಪನಿ ದಂಡು ಕೂಡಿ ಬಂದು ಕೆಳಗ ಕುಂತ್ವು. ಕುಂತ್ವು ಅಂದ್ರ ಕುಂತ್ವು. ನವಂಬರ್ ಹೋತು, ಸಂಕ್ರಮಣ ಹೋತು, ಶಿವರಾತ್ರಿ ಹೋತು. ಕೋಟಿ ಬೀಳಲಿಲ್ಲ. 1791ರ ಮಾರ್ಚ್ 21ಕ್ಕ ಕಾರ್ನ್‌ವಾಲಿಸ್ ಬೆಂಗಳೂರು ಕೋಟಿ ತಗೊಂಡ. ಏಪ್ರಿಲ್ ನಡುವ ಇಲ್ಲಿ ಬಾಗಲಾ ತಗದ್ರು. ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ದೂರ. ಅಲ್ಲಿ ಬಿದ್ದ ಗ್ವಾಡಿ ಇಲ್ಲಿ ಕೇಳಿಸ್ತು. ಈಗ ಹೇಳು, ಸುದ್ದಿಗೆ ಎಷ್ಟ ಪಾಯಿಂಟು ಹಚ್ಚತಿ?

ಅಳಿಯ ತುಸು ಹೊತ್ತು ಸುಮ್ಮನಿದ್ದ. ಒಬ್ಬ ಬಿಲ್ಲಿನವ ಕವುಚಿ ಬಿದ್ದಿದ್ದ, ಎತ್ತಿ ನಿಲ್ಲಿಸಿದ.

ಅಳಿಯ: ಹಂಗಂದ್ರ ಮ್ಯಾಲಿನವರಿಗೆ ಗೆಲ್ಲೋ ಕೆಲಸಾನ ಇರಲಿಲ್ಲ. ಕುಂದರೋ ಕೆಲಸ.

ಮಾವ: ಕುರಿಗೆ ಕಟ್ಟೋ ಕೆಲಸ ಇದ್ದಂಗ. ಕೆಳಗಿನವರಿಗೆ ತಿನ್ನೋ ಕೆಲಸ.

ಅಳಿಯ: ಆದ್ರ ಮಾಮಾ, ಮ್ಯಾಲ ಎಷ್ಟ ಮಂದಿ, ಕೆಳಗ ಎಷ್ಟ ಮಂದಿ ಅಂತ ಮೊದಲ ಪಾಯಿಂಟಿನ್ಯಾಗ ನೋಡ್ಕೊಂಡ್ರ ತಪ್ಪೇನೈತಿ? ಎಷ್ಟ ಸೊಟ್ಟ ಐತಿ ಅಂತ ಗೊತ್ತಾಗಾಕರ ಒಂದು ಅಳತಿ ಬೇಕಲ್ಲ. ಸಮ ಮಾಡಾಕ ಅಲ್ಲ, ಸೊಟ್ಟ ಅಳಿಯಾಕ.

ಮಾವ: ಅದಕ್ಕ ಬೇಕಾದ್ರ ಇಟ್ಕೋ. ದರ್ಜಿ ಟೇಪಿನಂಗ. ಅಂಗಿ ಹೊಲಿಯೋದು ಟೇಪಲ್ಲ ಅಷ್ಟ.

ಈ ಮಾತಿಗೆ ಇಬ್ಬರೂ ರಾಜಿಯಾದಂತೆ ಕಂಡಿತು, ನನಗೆ ಮಾತ್ರ ಅರ್ಧ ಅನುಮಾನ. ಊರಲ್ಲಿ ಮಾವ ಸಿಗುತ್ತಾರೆ. ಬೆಂಗಳೂರಿನ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಪಾಲು ಮಾಡುವ ದೊಡ್ಡಾವ ಯಾರು? ಅಲ್ಲಿ ಹಲ್ಲು ನೋಡಿಯೇ ಟಗರು ಬಿಡಬೇಕಾದೀತು. ಹೇಳಲಿಲ್ಲ. ಮಾವ ಆಗಲೇ ಜಮಖಾನ ಮಡಚಿ, ಮೇಲೆ ಎರಡು ದಿಂಬು ಪೇರಿಸಿ ಗುಡ್ಡ ಮಾಡುತ್ತಿದ್ದರು.

ಮಾವ: ಪಾಲು ಮಾಡ್ತೀನಿ ನೋಡು. ದಿಂಬಿನ ಮ್ಯಾಲ ಹನ್ನೆರಡು ಮಂದಿ. ಜೊತಿಗೆ ಇಪ್ಪತ್ತೈದು ಹುಣಸಿಬೀಜ, ವಾರಕ್ಕೊಂದು ಬೀಜ ತಿನ್ನಬೇಕು. ಕೆಳಗ ಉಳಿದವರೆಲ್ಲಾ, ನಾಕು ತೋಪು, ನನ್ನ ಆನಿ. ತೋಪು ಹಾರಿಸಿದಾಗ ದಾಳದಾಗ ಒಂದು ಬಿದ್ರ ಆ ತೋಪು ಒಡೀತು. ಬೀಜ ಮುಗಿಯೋದ್ರಾಗ ಮ್ಯಾಲ ಹತ್ತಿದ್ರ ಕೆಳಗಿನವ ಗೆದ್ದ.

ಅಳಿಯ: ಬೆಂಗಳೂರು?

ಮಾವ ಪಂಚಾಂಗದ ಹಳೇ ಹಾಳೆ ಹರಿದು ಇಪ್ಪತ್ತೈದು ಚೀಟಿ ಮಾಡಿದರು. ಒಂದರಲ್ಲಿ ಏನೋ ಬರೆದು, ಎಲ್ಲವನ್ನೂ ಮಡಚಿ, ತಂಬಿಗೆಗೆ ಹಾಕಿ ಅಲ್ಲಾಡಿಸಿದರು.

ಮಾವ: ವಾರಕ್ಕೊಂದು ಚೀಟಿ ಎತ್ತೋದು. ಬೆಂಗಳೂರು ಬಂದ್ರ ಆ ವಾರದಿಂದ ಮ್ಯಾಲಿನವರು ದಿನಾ ದಾಳ ಹಾಕಿ ಎದಿ ಗಟ್ಟಿ ಐತೋ ಇಲ್ಲೋ ನೋಡ್ಕೋಬೇಕು. ಸಣ್ಣಾವಾ ನೀ, ಮೊದಲ ಆರಸು.

ಅಳಿಯ ದಿಂಬನ್ನು ನೋಡಿದ, ಆನೆಯನ್ನು ನೋಡಿದ, ಬೀಜಗಳನ್ನು ಎರಡು ಸಲ ಎಣಿಸಿದ. ಆಮೇಲೆ ಹನ್ನೆರಡು ಜನರನ್ನು ಒಬ್ಬೊಬ್ಬರಾಗಿ, ಕಣ್ಣು ಕೆಳಗಿನ ಬಯಲನ್ನು ನೋಡುವಂತೆ, ದಿಂಬಿನ ಅಂಚಿಗೆ ನಿಲ್ಲಿಸತೊಡಗಿದ.

ಅಳಿಯ: ತಂಬಗಿ ಇಲ್ಲಿ ಕೊಡ್ರಿ.